ರಿಮೋಟಿನ ಅಂಗಿ

"ಇನ್ನೂ ಗಟ್ಟಿಯಾಗಿ ಹೇಳಮ್ಮ. ಹೊಟ್ಟೆಯಿಂದ ಹೇಳು," ಎಂದ ರಾದಾಮೆಸ್, ಬಾಯಿತುಂಬ ಹುರಿದ ಹಂದಿಚರ್ಮ ಅಗಿಯುತ್ತ.

ಅವನ ತಾಯಿ ಫಿದೆಲಿನಾ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ಮೈಕಿನ ಚಿತ್ರವಿದ್ದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ, ಬಾಯಿಯ ಹತ್ತಿರಕ್ಕೆ ತಂದಳು. ಅವಳ ಎಡಗಡೆಯ ತುಟಿ ಇನ್ನೂ ಸ್ವಲ್ಪ ಜೋತೇ ಇತ್ತು.

"ಬೇಶ್‌ಬಾಲ್ ಆಕು," ಎಂದಳು.

ಟೀವಿಯ ಅಡಿಯಲ್ಲಿ ನೀಲಿ ಗೆರೆಯೊಂದು ಅಲುಗಿ ನಿಂತಿತು. 'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ' ಎಂದು ಹೆಣ್ಣುದನಿಯೊಂದು ನಯವಾಗಿ ಹೇಳಿತು. ಫಿದೆಲಿನಾ ಮತ್ತೆ ಹೇಳಿದಳು. ಅದು ಮತ್ತೆ ಕ್ಷಮೆ ಕೇಳಿತು. ಮೂರನೆಯ ಸಲ ಅವಳು ಒಂದೊಂದೇ ಅಕ್ಷರವನ್ನು ಹಲ್ಲಿನಿಂದ ಕಿತ್ತು ಹೊರಗೆ ಹಾಕುವಂತೆ ಹೇಳಿದಳು. ನೀಲಿ ಗೆರೆ ಅಲುಗಲೇ ಇಲ್ಲ.

"ಇಲ್ಲಿ ಕೊಡು." ರಾದಾಮೆಸ್ ಎಣ್ಣೆಗೈಯನ್ನು ಒರೆಸಿಕೊಳ್ಳದೆ ರಿಮೋಟನ್ನು ಕಿತ್ತುಕೊಂಡು, ಬೀದಿಯ ಕೋಳಿಗಳು ಬೆಚ್ಚುವ ಹಾಗೆ ಕೂಗಿದ: "ಬೇಸ್‌ಬಾಲ್!"

ಪರದೆಯ ತುಂಬ ಆಟಗಳು ಸಾಲಾಗಿ ಬಂದು ನಿಂತವು.

"ನೋಡಿದ್ಯಾ? ಯಂತ್ರದ್ದೇನೂ ತಪ್ಪಿಲ್ಲ. ನಿನ್ನ ನಾಲಿಗೆ ಇನ್ನೂ ನಿದ್ದೆ ಮಾಡ್ತಿದೆ ಕಣಮ್ಮ," ಎಂದು ನಕ್ಕ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಫಿದೆಲಿನಾ ಕೂಡ ಅರ್ಧ ಬಾಯಿಯಲ್ಲಿ ನಕ್ಕಳು. ಆ ಅರ್ಧ ಬಾಯಿಯ ಮೂಲೆಯಿಂದ ಜೊಲ್ಲಿನ ಎಳೆಯೊಂದು ಇಳಿದು, ಅವನು ವಾಪಸ್ಸು ಕೊಡುತ್ತಿದ್ದ ರಿಮೋಟಿನ ಮೇಲೆ ಬಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೆಲ್ಕಿಸ್ ಎಲ್ಲವನ್ನೂ ನೋಡಿದಳು. ಗಂಡನ ಐದು ಬೆರಳಿನ ಜಿಡ್ಡು, ಅತ್ತೆಯ ಜೊಲ್ಲು, ಎರಡೂ ಕಿಟಕಿಯ ಬೆಳಕಿಗೆ ಹೊಳೆಯುತ್ತಿದ್ದವು. ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡಳು.

ಸಾನ್ ಪೆದ್ರೊ ಊರಿನ ಆ ಬೀದಿಯಲ್ಲಿ ಹೊಸ ಸಾಮಾನಿಗೆ ಪ್ಲಾಸ್ಟಿಕ್ ಸುತ್ತದವರು ಯಾರೂ ಇರಲಿಲ್ಲ; ಆದರೆ ಬೆಲ್ಕಿಸ್ ಸುತ್ತಿದ್ದನ್ನು ಬಿಚ್ಚುತ್ತಲೇ ಇರಲಿಲ್ಲ. ಸೋಫಾ ಕೊಂಡು ಒಂಬತ್ತು ವರ್ಷವಾಗಿದ್ದರೂ ಕೂತವರ ತೊಡೆ ಇಂದಿಗೂ ಅದರ ಹೊದಿಕೆಗೆ ಅಂಟಿಕೊಂಡು, ಏಳುವಾಗ ಚರ್ರೆಂದು ಸದ್ದಾಗುತ್ತಿತ್ತು. ಊಟದ ಕುರ್ಚಿಗಳು, ದೀಪದ ಬುರುಡೆ, ಫ್ರಿಜ್ಜಿನ ಹಿಡಿ, ಎಲ್ಲಕ್ಕೂ ಒಂದೊಂದು ಅಂಗಿ. ರಿಮೋಟಿಗೆ ಅವಳು ತಿಂಡಿ ಮುಚ್ಚುವ ತೆಳು ಪ್ಲಾಸ್ಟಿಕ್ಕನ್ನು ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ಎರಡೂ ತುದಿಗೆ ಅಗಲವಾದ ಅಂಟುಟೇಪು ಹಾಕಿದ್ದಳು. ಹೊಸದಾಗೇ ಇರಲಿ ಅಂತ, ಎಂದು ಮನೆಯವರಿಗೆ ಹೇಳಿದ್ದಳು.

ರಿಮೋಟು ಬಂದದ್ದೇ ಅತ್ತೆಗೋಸ್ಕರ. ಫಿದೆಲಿನಾ ಮೂವತ್ತು ವರ್ಷ ತಲೆಯ ಮೇಲೆ ಬೋಗುಣಿ ಹೊತ್ತು ಬೀದಿ ಬೀದಿ ಬೆಣ್ಣೆಹಣ್ಣು ಮಾರಿದವಳು. ಅವಳ ಕೂಗಿಗೆ ಸಕ್ಕರೆ ಕಾರ್ಖಾನೆಯ ಆಚೆ ಬದಿಯ ಹೆಂಗಸರು ಒಲೆ ಹಚ್ಚುತ್ತಿದ್ದರಂತೆ. ಬೇಸ್‌ಬಾಲ್ ಆಟ ನೋಡುವಾಗ ಅವಳು ಅಂಪೈರನ್ನು ಬೈದರೆ ಮೂರು ಮನೆ ಆಚೆಯವರಿಗೆ ಎಷ್ಟು ರನ್ನಾಯಿತೆಂದು ಗೊತ್ತಾಗುತ್ತಿತ್ತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳ ಬಾಯಿ ಒಂದು ಕಡೆಗೆ ಜಾರಿತು. ಕೈಕಾಲು ಎರಡು ವಾರಕ್ಕೆ ಸರಿಹೋದವು. ಮಾತು ಹಿಂದೆ ಉಳಿಯಿತು.

"ದಿನವಿಡೀ ಮಾತಾಡಿಸಿ," ಎಂದಿದ್ದಳು ಮಾತು ಕಲಿಸುವ ಡಾಕ್ಟರಮ್ಮ. "ಕ್ರಿಸ್ಮಸ್ ಒಳಗೆ ನಾಲಿಗೆ ತಿರುಗಿದರೆ ತಿರುಗಿತು. ಸುಮ್ಮನಿರೋಕೆ ಬಿಟ್ರೆ ಅದು ಹಾಗೇ ಕಲ್ಲಾಗತ್ತೆ."

ಬಾಯಲ್ಲಿ ಹೇಳಿದ್ದನ್ನು ಟೀವಿಯಲ್ಲಿ ತೋರಿಸುವ ಪೆಟ್ಟಿಗೆಯಿದೆ, ಬೇಸ್‌ಬಾಲ್ ಹುಚ್ಚಿಗಾದರೂ ಮುದುಕಿ ಬಾಯಿ ಬಿಡುತ್ತಾಳೆ ಎಂದು ಹೇಳಿಕೊಟ್ಟವಳು ಎದುರುಮನೆಯ ನೂರಿಸ್. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ನೇರಮಾಡುವ ಅಂಗಡಿ ಇಟ್ಟಿದ್ದಳು. ಅವಳ ಹತ್ತಿರವೂ ಅದೇ ಪೆಟ್ಟಿಗೆ, ಅದೇ ರಿಮೋಟು. ಅದು ಬರಿಮೈಯಲ್ಲೇ ಇತ್ತು. ಕೂದಲ ಬಣ್ಣದ ಕಂದು ಕಲೆ, ಗುಂಡಿಗಳ ಸಂದಿಯಲ್ಲಿ ಯಾರದೋ ಕತ್ತರಿಸಿದ ಕೂದಲ ಚೂರು. ಬೆಲ್ಕಿಸ್ ಅದನ್ನು ಒಮ್ಮೆ ಎರಡು ಬೆರಳಲ್ಲಿ ಹಿಡಿದು ನೋಡಿ, ಮನೆಗೆ ಬಂದು ಮೊಣಕೈವರೆಗೆ ಸೋಪು ಹಾಕಿಕೊಂಡಿದ್ದಳು.

ಆ ಭಾನುವಾರ ಸಂಜೆ ನೂರಿಸ್ ಬಂದು ಕೂತಳು. ಸೋಫಾ ಚರ್ರೆಂದಿತು.

"ಇದೇನೇ ಬೆಲ್ಕಿಸ್, ರಿಮೋಟಿಗೂ ಅಂಗಿ ತೊಡಿಸಿದ್ದೀಯಾ? ನಿನ್ನ ಗಂಡನಿಗೂ ಸುತ್ತಿಬಿಡು, ಹೊಸದಾಗೇ ಇರ್ತಾನೆ."

"ಅವನು ನನ್ನ ಕೈಗೆ ಬರೋ ಹೊತ್ತಿಗೇ ಹಳೇದಾಗಿದ್ದ ಕಣೇ."

ಫಿದೆಲಿನಾಳ ಹೆಗಲು ಕುಲುಕಿತು. ಸದ್ದು ಬರಲಿಲ್ಲ.

ನೂರಿಸ್ ಗುಂಡಿಗಳ ಪರಿಚಯ ಮಾಡಿಸಿದಳು. ಮನೆಯ ಚಿತ್ರವಿರುವುದನ್ನು ಒಂದು ಸಲ ಒತ್ತಿದರೆ ಮೊದಲಿನ ಪುಟ, ಎರಡು ಸಲ ಒತ್ತಿದರೆ ಹಿಂದೆ ನೋಡುತ್ತಿದ್ದ ಆಟಕ್ಕೇ ವಾಪಸ್ಸು. ಬಾಗಿದ ಬಾಣ ಒತ್ತಿದರೆ ಹತ್ತು ಸೆಕೆಂಡು ಹಿಂದೆ ಹೋಗುತ್ತೆ, ಅಂಪೈರ್ ಮಾಡಿದ ಮೋಸ ಇನ್ನೊಂದು ಸಲ ನೋಡಬಹುದು. ನಕ್ಷತ್ರ ಒತ್ತಿದರೆ ಅಕ್ಷರ ದೊಡ್ಡದಾಗುತ್ತೆ. ಕೊನೆಗೆ ಬದಿಯಲ್ಲಿದ್ದ 1 ಮತ್ತು 2 ಎಂಬ ಪುಟ್ಟ ಗುಂಡಿಗಳನ್ನು ತೋರಿಸಿ, "ಇದು ಸೋಮಾರಿಗಳಿಗೆ," ಎಂದಳು. "ಬೇಕಾದ್ದನ್ನ ಒಂದೇ ಒಂದು ಸಲ ಬಾಯಲ್ಲಿ ಹೇಳು. ಅದು ತೆರೆದ ಮೇಲೆ ಒಂದನೇ ಗುಂಡೀನ ಬೀಪ್ ಅನ್ನೋ ತನಕ ಒತ್ತಿ ಹಿಡಿ. ಆಮೇಲೆ ಜನ್ಮದಲ್ಲಿ ಬಾಯಿ ತೆಗೀಬೇಕಾಗಿಲ್ಲ."

ಆ ವಾರ ಫಿದೆಲಿನಾ ದಿನಕ್ಕೆ ಎರಡು ಸಲ ಪ್ರಯತ್ನಿಸಿದಳು, ಆಮೇಲೆ ಒಂದು ಸಲ. ನಂತರ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪು ಟೀವಿಯ ಮುಂದೆ ತೂಗುಕುರ್ಚಿಯಲ್ಲಿ ತೂಗುತ್ತ ಕೂರತೊಡಗಿದಳು. ಕಾಫಿ ಬೇಕಾ ಎಂದರೆ ತಲೆ ಆಡಿಸುವಳು. ಬಚ್ಚಲಿಗೆ ಹೋಗಬೇಕಾದರೆ ಕುರ್ಚಿಯ ತೋಳನ್ನು ತಟ್ಟುವಳು. ಕರೆಂಟು ಹೋಗಿ ಬಂದಾಗ ಇಡೀ ಬೀದಿ 'ಬಂತೂ' ಎಂದು ಕೂಗುತ್ತಿತ್ತು. ಅವಳು ಗೋಡೆ ನೋಡುತ್ತಿದ್ದಳು.

"ಅವಳಿಗಿನ್ನು ಮಾತು ಬರಲ್ಲ ಬಿಡು," ಎಂದ ರಾದಾಮೆಸ್ ಒಂದು ಬೆಳಿಗ್ಗೆ, ಬಾಡಿಗೆಗೆ ಓಡಿಸುವ ಬೈಕನ್ನು ಹೊರಗೆ ತಳ್ಳುತ್ತ. ಅವನ ದನಿ ಸಣ್ಣಗಿತ್ತು. "ಯಂತ್ರಾನೇ ಹೇಳ್ತಿದೆಯಲ್ಲ. ಪಾಪ, ದಿನಾ ಯಾಕೆ ಅವಮಾನ? ಆ ಒಂದನೇ ಗುಂಡಿಗೆ ಬೇಸ್‌ಬಾಲ್ ಹಾಕಿಕೊಡು. ಒತ್ಕೊಂಡು ನೋಡ್ಕೊಳ್ಳಲಿ."

ಡಿಸೆಂಬರ್ ಅರ್ಧ ಕಳೆದಿತ್ತು. ಒಳಗೆಲ್ಲೋ ಬೆಲ್ಕಿಸ್‌ಗೂ ಹಗುರವೆನಿಸಿತ್ತು. ಮಾತಾಡುವಾಗಲೇ ಅತ್ತೆಯ ಬಾಯಿ ಹೆಚ್ಚು ಸೋರುತ್ತಿದ್ದುದು.

ಅಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಫಿದೆಲಿನಾ ಕುರ್ಚಿಯಲ್ಲೇ ನಿದ್ದೆಹೋಗಿದ್ದಾಗ, ಬೆಲ್ಕಿಸ್ ಅವಳ ಮಡಿಲಿಂದ ರಿಮೋಟನ್ನು ಮೆಲ್ಲಗೆ ಎತ್ತಿಕೊಂಡಳು. ಅದು ಬೆರಳಿಗೆ ಅಂಟಿತು. ಕರವಸ್ತ್ರದಲ್ಲಿ ಹಿಡಿದು, ಮೈಕಿನ ಗುಂಡಿ ಒತ್ತಿ, ಮುದುಕಿ ಏಳದಂತೆ ಸಣ್ಣದನಿಯಲ್ಲಿ ಹೇಳಿದಳು: "ಬೇಸ್‌ಬಾಲ್ ಹಾಕು."

'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ.'

ಮೆಲ್ಲಗೆ ಹೇಳಿದ್ದಕ್ಕಿರಬೇಕು. ಮಾಮೂಲು ದನಿಯಲ್ಲಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಷ್ಟು ಸ್ಪಷ್ಟವಾಗಿ ಹೇಳಿದಳು. ನೀಲಿ ಗೆರೆ ಅಲುಗಲಿಲ್ಲ. ಬಾಯಿಯ ಹತ್ತಿರಕ್ಕೆ ತಂದಳು. ಆಗ ವಾಸನೆ ಬಡಿಯಿತು: ಹಳೆಯ ಕೊಬ್ಬು, ಹುಳಿತ ಹಾಲು, ಒಣಗದ ನೆಲಬಟ್ಟೆ. ಉಸಿರು ಕಟ್ಟಿ ಇನ್ನೊಮ್ಮೆ ಹೇಳಿದಳು.

'ಕ್ಷಮಿಸಿ.'

ಬೆಲ್ಕಿಸ್‌ಳ ನಾಲಿಗೆಗೆ ಏನೂ ಆಗಿರಲಿಲ್ಲ.

ರಿಮೋಟನ್ನು ಕಿಟಕಿಗೆ ಒಯ್ದು ತಿರುಗಿಸಿ ನೋಡಿದಳು. ಮೇಲ್ತುದಿಯಲ್ಲಿ ಸೂಜಿಮೊನೆಯಷ್ಟು ಒಂದು ರಂಧ್ರವಿತ್ತು. ಅದರ ಮೇಲೆ ಅವಳದೇ ಟೇಪು, ಎರಡು ಪದರ. ಟೇಪಿನ ಮಡಿಕೆಯಲ್ಲಿ ಕಂದು ಬಣ್ಣದ ಮೇಣದಂಥದ್ದೇನೋ ತುಂಬಿ ಗಟ್ಟಿಯಾಗಿತ್ತು.

ಪೆಟ್ಟಿಗೆ ತಂದ ಮೊದಲ ಸಂಜೆ ನೆನಪಾಯಿತು. ಅಂದು ಅತ್ತೆ 'ಬೇಶ್‌ಬಾಲ್' ಎಂದ ತಕ್ಷಣ ಪರದೆ ತುಂಬ ಆಟಗಳು ಬಂದಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮಾರನೆಯ ದಿನದಿಂದ ಆಗದಿದ್ದಾಗ ರಾದಾಮೆಸ್, "ಮೊದಲನೇ ದಿನ ನೆಂಟರ ಹಾಗೆ ಮರ್ಯಾದೆ ಕೊಡ್ತು ಅಷ್ಟೇ," ಎಂದು ತಮಾಷೆ ಮಾಡಿದ್ದ. ಆ ಎರಡು ದಿನಗಳ ನಡುವಿನ ಬೆಳಿಗ್ಗೆ, ಎಲ್ಲರೂ ಏಳುವ ಮುಂಚೆ, ರಿಮೋಟಿನ ಮೇಲೆ ಒಣಗಿದ ಜೊಲ್ಲಿನ ಬಿಳಿ ಗೆರೆ ಕಂಡು ಬೆಲ್ಕಿಸ್ ಪ್ಲಾಸ್ಟಿಕ್ಕಿನ ಸುರುಳಿ ಕೈಗೆತ್ತಿಕೊಂಡಿದ್ದಳು.

ಚಾಕುವಿನ ತುದಿಯಿಂದ ಟೇಪು ಎಬ್ಬಿಸಿದಳು. ಪ್ಲಾಸ್ಟಿಕ್ಕು ಗುಂಡಿಗಳ ಆಕಾರಕ್ಕೆ ಸೆಟೆದುಕೊಂಡಿತ್ತು. ಹಾವಿನ ಪೊರೆಯ ಹಾಗೆ ಒಂದೇ ತುಂಡಾಗಿ ಕಳಚಿತು. ಪದರಗಳ ನಡುವೆ ಹಳದಿ ಜಿಡ್ಡು, ಒಂದು ನರೆಗೂದಲು, ಸತ್ತ ನಾಲ್ಕಾರು ಇರುವೆ. ಕರವಸ್ತ್ರ ಜಾರಿ ಎಲ್ಲವೂ ಬರಿಗೈಗೇ ಮೆತ್ತಿಕೊಂಡಿತು. ಅವಳಿಗೆ ಹೇಸಿಗೆಯಾಯಿತು, ಈ ಸಲ ಯಾರ ಮೇಲೆ ಎಂದು ಹುಡುಕಬೇಕಾಗಲಿಲ್ಲ.

ಒಳಗಿನ ರಿಮೋಟು ಅಂಗಡಿಯಿಂದ ತಂದ ಹಾಗೇ ಮಿನುಗುತ್ತಿತ್ತು.

"ಬೇಸ್‌ಬಾಲ್," ಎಂದು ಪಿಸುಗುಟ್ಟಿದಳು. ಪರದೆಯ ತುಂಬ ಹಸಿರು ಮೈದಾನಗಳು ಬಂದವು.

ಅವಳ ಹೆಬ್ಬೆರಳು ಒಂದನೇ ಗುಂಡಿಯ ಮೇಲಿತ್ತು. ಬೀಪ್ ಎನ್ನುವವರೆಗೆ ಒತ್ತಿ ಹಿಡಿದರೆ ಸಾಕು. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಮನೆಯವರು ಅವಳ ಜಾಣತನವನ್ನು ಹೊಗಳುತ್ತಿದ್ದರು. ಅವಳು ಹೆಬ್ಬೆರಳು ತೆಗೆದಳು. ತಿರುಗಿ ನೋಡಿದರೆ ಫಿದೆಲಿನಾಳ ಕಣ್ಣು ತೆರೆದಿತ್ತು. ಯಾವಾಗಿನಿಂದಲೋ.

"ಅತ್ತೆ, ಇದನ್ನ ಹಿಡ್ಕೊಳಿ. ಈಗ ಹೇಳಿ."

ಫಿದೆಲಿನಾ ಬರಿಮೈಯ ರಿಮೋಟನ್ನೂ ಮೇಜಿನ ಮೇಲಿದ್ದ ಪೊರೆಯನ್ನೂ ನೋಡಿದಳು. ಬೇಡವೆಂದು ತಲೆಯಾಡಿಸಿದಳು. ಬಹಳ ದಿನದ ಮೇಲೆ ಅವಳ ಬಾಯಿ ತೆರೆಯಿತು. ಮಾತು ಕೆಸರಲ್ಲಿ ಕಾಲು ಕಿತ್ತಿಡುವಂತೆ ಬಂತು.

"ಮೊದ್ಲು... ಸುತ್ತು. ನನ್ ಬಾಯಿ ಸೋರುತ್ತೆ."

"ಸೋರಲಿ ಬಿಡಿ."

"ನಿಂಗೆ... ಹೇಸಿಗೆ." ದೂರಿನ ದನಿಯಲ್ಲ, ಮಳೆ ಬರುತ್ತೆ ಎನ್ನುವ ಹಾಗೆ ಹೇಳಿದಳು. "ಲೋಟ... ಬೇರೆ ಇಟ್ಟಿದ್ದೀ. ಗೊತ್ತು ನಂಗೆ. ಕೆಂಪು ಲೋಟ."

ಬೆಲ್ಕಿಸ್‌ಳ ಕಿವಿ ಸುಟ್ಟಂತಾಯಿತು. ಅವಳು ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು.

"ನಿಮ್ಮ ನಾಲಿಗೆ ಚೆನ್ನಾಗೇ ಇದೆ ಅತ್ತೆ. ಕಿವುಡಾಗಿದ್ದು ಇದು. ಇದರ ಕಿವಿ ಇಲ್ಲಿದೆ ನೋಡಿ, ಈ ತೂತು. ನಾನೇ ಟೇಪು ಹಾಕಿ ಮುಚ್ಚಿದ್ದೆ. ಗೊತ್ತಿರಲಿಲ್ಲ ನಂಗೆ. ನಾನು ಹೇಳಿದ್ರೂ ಕೇಳಿಸ್ತಿರಲಿಲ್ಲ ಇದಕ್ಕೆ, ನಿಮ್ಮ ಮಗನ ಹಾಗೆ ಕಿರುಚಿದ್ರೆ ಮಾತ್ರ."

ಫಿದೆಲಿನಾ ಬಗ್ಗಿ ಆ ತೂತನ್ನು ನೋಡಿದಳು.

"ಎರಡು ತಿಂಗ್ಳು?"

"ಎರಡು ತಿಂಗಳು."

"ಕತ್ತೆ," ಎಂದಳು ಫಿದೆಲಿನಾ. ಯಂತ್ರಕ್ಕೋ ಸೊಸೆಗೋ ತಿಳಿಯಲಿಲ್ಲ. ಕೈ ಚಾಚಿದಳು.

ಮೈಕಿನ ಗುಂಡಿ ಒತ್ತಿ ರಿಮೋಟನ್ನು ಬಾಯಿಯ ಹತ್ತಿರಕ್ಕೆ ತಂದಳು. ಆಮೇಲೆ ಬಂದದ್ದು ಬೇಸ್‌ಬಾಲ್ ಅಲ್ಲ.

"ಬೆಣ್ಣೆ... ಹಣ್ಣೂ."

ನೀಲಿ ಗೆರೆ ಕುಣಿಯಿತು. ಪರದೆಯ ಮೇಲೆ ಸೀಳಿದ ಬೆಣ್ಣೆಹಣ್ಣುಗಳು, ಚಮಚ ಹಿಡಿದ ಅಡುಗೆಯವರು, ಒಬ್ಬರ ಪಕ್ಕ ಒಬ್ಬರು. ಫಿದೆಲಿನಾ ಬಾಯಿ ತೆರೆದು ನೋಡಿದಳು. ಆ ತೆರೆದ ಬಾಯಿಂದ ಜೊಲ್ಲು ಇಳಿದು ಗುಂಡಿಗಳ ಮೇಲೆ ಬಿತ್ತು. ಗಾಬರಿಯಿಂದ ಅವಳು ಲಂಗದ ಅಂಚು ಎತ್ತಿಕೊಂಡಳು.

"ಇರಲಿ, ಹೇಳಿ. ಪೂರ್ತಿ ಹೇಳಿ, ಮುಂಚೆ ಕೂಗ್ತಿದ್ರಲ್ಲ ಹಾಗೆ." ಬೆಲ್ಕಿಸ್ ತನ್ನ ಹೆಬ್ಬೆರಳನ್ನು ಅವಳ ಹೆಬ್ಬೆರಳ ಪಕ್ಕದಲ್ಲಿ, ಅದೇ ಗುಂಡಿಯ ಮೇಲಿಟ್ಟು ಒತ್ತಿದಳು. ಅದು ಬೆಚ್ಚಗಿತ್ತು, ಜಾರುತ್ತಿತ್ತು. ಆದರೂ ಬೆರಳು ತೆಗೆಯಲಿಲ್ಲ.

"ಬೆಣ್ಣೆಹಣ್ಣೂ... ಇವತ್ತಿಗೊಂದೂ... ನಾಳೆಗೊಂದೂ..."

ಎದುರುಮನೆಯಲ್ಲಿ ಕೂದಲು ಒಣಗಿಸುವ ಯಂತ್ರದ ಸದ್ದು ತಟ್ಟನೆ ನಿಂತಿತು. ತಲೆತುಂಬ ಸುರುಳಿ ಸಿಕ್ಕಿಸಿಕೊಂಡ ಯಾರೋ ಬಾಗಿಲಿಗೆ ಬಂದು ಬೀದಿಯ ಉದ್ದಕ್ಕೂ ನೋಡಿದರು.

ಮೇಜಿನ ಮೇಲೆ ಪೊರೆ ರಿಮೋಟಿನ ಆಕಾರದಲ್ಲೇ ಬಿದ್ದಿತ್ತು, ಒಳಗೆ ಏನೂ ಇಲ್ಲದೆ, ಒಂದೊಂದು ಗುಂಡಿಗೂ ಒಂದೊಂದು ಗುಳಿ ಇಟ್ಟುಕೊಂಡು. ಫ್ಯಾನಿನ ಗಾಳಿಗೆ ಅದು ಸ್ವಲ್ಪ ಸ್ವಲ್ಪವೇ ಅಂಚಿನ ಕಡೆಗೆ ಸರಿಯುತ್ತಿತ್ತು. ಕಿಟಕಿಯಿಂದ ಇಳಿದ ಇರುವೆಗಳ ಸಾಲು ಆಗಲೇ ಅದರ ಬಾಯಿಯವರೆಗೆ ಬಂದಿತ್ತು.