ನಿಂತ ಕುದುರೆಗೆ ನಾಲ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಸಿಂಧನೂರಿನ ಬಾಬುಸಾಬ್ ಅಷ್ಟು ದುಂದು ಮಾಡುವವನಲ್ಲ, ಒಂದೇ ಸುಳ್ಳಿನಲ್ಲಿ ಕೆಲಸ ಮುಗಿಸಿದ್ದ. ಅವನದು ಎತ್ತಿನ ಕಾಲಿಗೆ ಲಾಳ ಬಡಿಯುವ ಕಸುಬು. ಲಾಳಕ್ಕೆ ಈ ಕಡೆ ನಾಲ್ ಅನ್ನುತ್ತಾರೆ. ಹೆಣ್ಣು ನೋಡಲು ಮುದಗಲ್ಲಿಗೆ ಹೋದರೆ, ಹುಡುಗಿಯ ಅಪ್ಪ ಟಾಂಗಾ ಹೊಡೆಯುವ ಮನುಷ್ಯ, ಕುದುರೆಯೆಂದರೆ ಅವನಿಗೆ ಪ್ರಾಣ.

"ಕುದುರಿಗೆ ನಾಲ್ ಬಡಿಯಾಕ ಬರತೈತೇನಪಾ?" ಎಂದು ಕೇಳಿದ.

ಬಾಗಿಲ ಸಂದಿಯಲ್ಲಿ ಹುಡುಗಿ ಹಾಜಿರಾಳ ಕಣ್ಣು ಕಂಡಿತು. ಬಾಬುಸಾಬ್, "ಎಷ್ಟೋ ಬಡದೀನ್ರಿ" ಅಂದುಬಿಟ್ಟ.

ಒಂದಕ್ಕೂ ಬಡಿದಿರಲಿಲ್ಲ. ಆದರೆ ಹೇಳಿದ ಸುಳ್ಳನ್ನು ಚೆನ್ನಾಗಿ ಮೇಯಿಸಿ ಬೆಳೆಸಿದ. ಮೊಮ್ಮಕ್ಕಳ ಮುಂದೆ ಹೇಳುವ ಹೊತ್ತಿಗೆ ಅದರಲ್ಲಿ ಯಾವುದೋ ದೇಸಾಯರ ಕರಿ ಕುದುರೆ, ಅದು ಕಚ್ಚಿದ ಗಾಯ, ಎಲ್ಲ ಸೇರಿಕೊಂಡಿದ್ದವು. ಓಣಿಯವರಿಗೂ ಕಥೆ ಬಾಯಿಪಾಠ. ಊರಲ್ಲಿ ಕುದುರೆಯೇ ಇಲ್ಲದಿರುವಾಗ ಹೆದರಿಕೆ ಯಾತರದು?

ಹೀಗಿರುವಾಗ ಒಂದು ಮಧ್ಯಾಹ್ನ ಅವನ ಅಂಗಡಿ ಮುಂದೆ ಟೆಂಪೊ ನಿಂತು, ಅದರೊಳಗಿಂದ ಬಿಳಿ ಕುದುರೆಯೊಂದು ಕುಂಟುತ್ತಾ ಇಳಿಯಿತು. ಜೊತೆಗೆ ಇಳಿದವನು ಮುಕ್ತಿಯಾರ್, ಮದುವೆ ಮೆರವಣಿಗೆಗೆ ಕುದುರೆ ಕೊಡುವ ಲಿಂಗಸುಗೂರಿನ ಹುಡುಗ. ಗೊರೇಬಾಳದ ಮದುವೆ ಮುಗಿಸಿ ಬಂದಿದ್ದ.

"ಮೊನ್ನೆ ಹೊಸಾ ನಾಲ್ ಬಡಿಸಿದ್ದೆ ಚಾಚಾ. ಅವತ್ತಿಂದ ಮುಂಗಾಲು ಊರವಲ್ದು. ಸಂಜೀಕ ಮಸ್ಕ್ಯಾಗ ಇನ್ನೊಂದು ಮದುವಿ ಐತಿ, ಮದುಮಗ ಕಾಯಾಕತ್ತಾನ. ಕುದುರಿ ಕೆಲಸ ಬಲ್ಲವ್ರು ಈ ಸೀಮ್ಯಾಗ ನೀವೊಬ್ರ ಅಂತ ನಿಮ್ಮ ಓಣಿ ಮಂದಿ ಹೇಳಿದ್ರು."

ಬಾಬುಸಾಬ್ ತಪ್ಪಿಸಿಕೊಳ್ಳಲು ನೆಪ ಹುಡುಕಿದ. ಸೊಂಟನೋವು ಅನ್ನೋಣವೆಂದರೆ, ಅಷ್ಟರಲ್ಲೇ ಹಾಜಿರಾಬೀ ಮನೆಯೊಳಗಿಂದ ಬಂದು ಕುರ್ಚಿ ಎಳೆದುಕೊಂಡು ಕೂತಳು. "ಮದುವಿ ಆದಾಗಿಂದ ಕೇಳೇ ಕೇಳಾಕತ್ತೀನಿ. ಇವತ್ತರ ಕಣ್ಣಿಲೆ ನೋಡ್ತೀನಿ" ಅಂದಳು. ಅವಳ ಮುಖದ ಹಿಗ್ಗು ನೋಡಿ ಬಾಬುಸಾಬನಿಗೆ ಇನ್ನಷ್ಟು ಸಂಕಟವಾಯಿತು.

ಕೈ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. ಎತ್ತಾದರೆ ಮೊದಲು ಹಗ್ಗ ಹಾಕಿ ನೆಲಕ್ಕೆ ಕೆಡವಬೇಕು, ನಾಲ್ಕೂ ಕಾಲು ಬಿಗಿಯಬೇಕು, ಆಮೇಲೆ ನಾಲ್. ಅವನು ಗತ್ತಿನಿಂದ ಹಗ್ಗ ತಂದು ಕುದುರೆಯ ಕಾಲಿಗೆ ಸುತ್ತತೊಡಗಿದ.

"ಏನ್ ಮಾಡಾಕತ್ತೀರಿ ಚಾಚಾ?" ಮುಕ್ತಿಯಾರ್ ಗಾಬರಿಯಾದ.

"ಕೆಡವಬೇಕಲ್ಲೋ."

"ಕುದುರಿ ಕೆಡವ್ತೀರಾ? ನಿಂತ ಕುದುರಿಗೆ ಬಡಿಯೋದಲ್ಲೇನ್ರಿ ನಾಲ್!"

ಎದುರಿನ ಚಹಾದಂಗಡಿಯವರು ಗೊಳ್ಳೆಂದು ನಕ್ಕರು. ಕುದುರೆ ತಲೆ ಝಾಡಿಸಿ ಬಾಬುಸಾಬನ ಟೋಪಿಯನ್ನೂ ಕೆಡವಿತು. ನಗುವ ಮಂದಿ ಹಾಳಾಗಿ ಹೋಗಲಿ, ಅವನು ನೋಡಿದ್ದು ಹೆಂಡತಿಯನ್ನು. ಅವಳೊಬ್ಬಳೇ ನಗುತ್ತಿರಲಿಲ್ಲ. ಟಾಂಗಾದವನ ಮಗಳಿಗೆ ಇನ್ನು ಬಿಡಿಸಿ ಹೇಳುವುದೇನಿತ್ತು! ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

ಹಾಜಿರಾಬೀ ಎದ್ದಳು. ಸೆರಗು ಸಿಕ್ಕಿಸಿಕೊಂಡು ಕುದುರೆಯ ಕುತ್ತಿಗೆ ಸವರಿ, ಕಿವಿಯಲ್ಲಿ ಏನೋ ಅಂದು, ಭುಜಕ್ಕೆ ಭುಜ ಒತ್ತಿ ಕಾಲಗುಂಟ ಕೈ ಇಳಿಸಿದಳು. ಕುದುರೆ ತಾನಾಗಿ ಕಾಲೆತ್ತಿ ಕೊಟ್ಟಿತು. ಗೊರಸನ್ನು ತನ್ನ ಮೊಣಕಾಲ ನಡುವೆ ಹಿಡಿದು, "ಆ ಹಗ್ಗ ಅತ್ಲಾಗ ಒಗೀರಿ" ಅಂದಳು. "ನಮ್ಮ ಅಬ್ಬಾನ ಕುದುರಿಗೆ ಹಿಂಗ ಹಿಡೀತಿದ್ದೆ. ಹಿಡಿಯೋದು ನಂದು, ಬಡಿಯೋದು ನಿಮ್ದು."

ಗೊರಸು ಕಣ್ಣೆದುರು ಬಂದದ್ದೇ ತಡ, ಬಾಬುಸಾಬನಿಗೆ ಹೋದ ಜೀವ ಬಂತು. ಸತ್ತ ಉಗುರು ಎಲ್ಲಿ ಮುಗಿಯುತ್ತದೆ, ಜೀವದ ಮಾಂಸ ಎಲ್ಲಿ ಶುರುವಾಗುತ್ತದೆ, ಅದನ್ನು ನೋಡುವ ಕಣ್ಣು ಅವನಿಗಿತ್ತು. ಸುತ್ತಿಗೆಯಿಂದ ಒಂದೊಂದೇ ಮೊಳೆಯನ್ನು ಮೆಲ್ಲಗೆ ತಟ್ಟುತ್ತ ಬಂದ. ಒಂದು ಕಡೆ ಕುದುರೆ ಚಟಕ್ಕನೆ ಕಾಲು ಸೆಳೆಯಿತು.

"ಸಿಕ್ಕ ನೋಡು ಕಳ್ಳ! ಮೊಳಿ ಒಳಕ್ಕ ಸರದು ಜೀವಕ್ಕ ಒತ್ತೇತಿ!"

ಮೊಳೆಗಳನ್ನು ಕಿತ್ತು ನಾಲ್ ಬಿಚ್ಚಿದ. ಪುಣ್ಯಕ್ಕೆ ಒತ್ತಿತ್ತು, ಚುಚ್ಚಿರಲಿಲ್ಲ, ರಕ್ತ ಬರಲಿಲ್ಲ. ಅರದಿಂದ ಗೊರಸು ಉಜ್ಜಿ ಸಮಮಾಡಿ, ನಾಲ್ ಮತ್ತೆ ಕೂರಿಸಿ, ನೋವಿನ ಕಡೆಯ ತೂತನ್ನು ಖಾಲಿ ಬಿಟ್ಟು ಉಳಿದವಕ್ಕೆ ಮುಕ್ತಿಯಾರನ ಚೀಲದಲ್ಲಿದ್ದ ಹೊಸ ಮೊಳೆಗಳನ್ನು ಹೊರಗೆ ವಾರೆ ಮಾಡಿ ಬಡಿದ.

"ಕೈ ಯಾಕ ನಡುಗಾಕತ್ತಾವು?" ಹಾಜಿರಾಬೀ ಕೇಳಿದಳು.

"ನೀ ಇಷ್ಟ್ ಹತ್ರ ನಿಂತ್ರ ಇನ್ನೇನಾಗ್ತೈತಿ?"

ಕುದುರೆ ಕಾಲು ಊರಿತು. ಅನುಮಾನದಿಂದ ಒಂದು ಹೆಜ್ಜೆ, ಆಮೇಲೆ ಧೈರ್ಯವಾಗಿ ಮತ್ತೊಂದು. ಮುಕ್ತಿಯಾರ್ ಲಗಾಮು ಹಿಡಿದು ಓಡಿದ. ಕುದುರೆ ಓಣಿಯುದ್ದಕ್ಕೂ ಟಕಟಕ ಅನ್ನಿಸುತ್ತಾ ಅವನನ್ನೇ ಎಳೆದುಕೊಂಡು ಹೋಯಿತು. ಚಹಾದಂಗಡಿಯವರು ಸಿಳ್ಳೆ ಹೊಡೆದರು. ಬಾಬುಸಾಬನಿಗೆ ಖುಷಿಯಿಂದ ಕಣ್ಣು ಮಂಜಾದವು.

ಟೆಂಪೊ ಮಸ್ಕಿಯ ದಾರಿ ಹಿಡಿದ ಮೇಲೆ ಅವನು ತಲೆ ತಗ್ಗಿಸಿ ಶುರುಮಾಡಿದ. "ಹಾಜಿರಾ, ಅವತ್ತು ನಿಮ್ಮ ಅಬ್ಬಾಗ ನಾ ಹೇಳಿದ್ದು..."

"ಖರೇನ ಹೇಳೀರಿ ಬಿಡ್ರಿ" ಅಂದಳು ಹಾಜಿರಾಬೀ, ಈಗ ಮನಸಾರೆ ನಗುತ್ತ. "ಕುದುರಿ ಬರೋದು ಒಂದೀಟು ತಡ ಆತು, ಅಷ್ಟ."