ಏಳನೆಯ ಕ್ಯಾಸೆಟ್

ಸ್ಟುಡಿಯೋದಲ್ಲಿ ಮಾಡಿದ ಹಾಡನ್ನು ಪಾಲಾಕ್ಷ ನಂಬುತ್ತಿರಲಿಲ್ಲ. ಅಲ್ಲಿ ತಪ್ಪಿದ್ದನ್ನು ಅಳಿಸಬಹುದು, ಉಸಿರು ಕಡಿದ ಜಾಗಕ್ಕೆ ಇನ್ನೊಂದು ದಿನದ ದನಿಯನ್ನು ತಂದು ಅಂಟಿಸಬಹುದು. ಜನರ ಮುಂದೆ ನಿಂತು ಹಾಡಿದ ಹೊತ್ತಿಗೇ ಟೇಪಿಗೆ ಇಳಿದದ್ದು ಮಾತ್ರ ಸಾಕ್ಷಿ. ಉಳಿದದ್ದು ಬರೀ ಹೇಳಿಕೆ.

ಅವನು ಕೊಟ್ಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದ. ಮನೆಯ ಕಪಾಟಿನಲ್ಲಿ 'ಗ್ರೇ ಹಾರ್ಬರ್' ಎಂಬ ಇಂಗ್ಲಿಷ್ ರಾಕ್ ತಂಡದ ಏಳು ಕ್ಯಾಸೆಟ್ಟುಗಳಿದ್ದವು. ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುವಾಗ, ಹಡಗಿನಲ್ಲಿ ಕೆಲಸ ಮಾಡುವ ಮಾವನಿದ್ದ ಕಾರವಾರದ ಗೆಳೆಯನೊಬ್ಬನಿಂದ ನಕಲು ಮಾಡಿಕೊಂಡವು. ಏಳೂ ಜನರ ಮುಂದೆ ಹಾಡಿದವೇ. ಮೊದಲನೆಯದು ಅರವತ್ತೊಂಬತ್ತನೆಯ ಇಸವಿಯದು, ಕೊನೆಯದು ಎಪ್ಪತ್ತಾರರದು.

ಪ್ರತಿಯೊಂದರ ಬಗ್ಗೆಯೂ ಅವನಿಗೆ ಖಚಿತ ಅಭಿಪ್ರಾಯವಿತ್ತು. ಮೊದಲನೆಯದರಲ್ಲಿ ಡ್ರಮ್ಮಿನವನು ಅವಸರಗೇಡಿ. ಹಾಡಿನ ಆರಂಭದಲ್ಲಿ ನಿಮಿಷಕ್ಕೆ ನೂರಾ ಹದಿನಾರು ಪೆಟ್ಟು ಇದ್ದದ್ದು ಮುಗಿಯುವ ಹೊತ್ತಿಗೆ ನೂರಾ ಇಪ್ಪತ್ತೆಂಟಕ್ಕೆ ಹೋಗಿರುತ್ತದೆ. ಎಲ್ಲರೂ ಹೊಗಳುವ ಮೂರನೆಯದು ಅರ್ಧ ಸುಳ್ಳು. ಅದರಲ್ಲಿ ಚಪ್ಪಾಳೆಗೆ ಪ್ರತಿಧ್ವನಿ ಇದೆ, ಗಿಟಾರಿಗೆ ಇಲ್ಲ; ಅಂದರೆ ಎರಡೂ ಒಂದೇ ಸಭಾಂಗಣದಲ್ಲಿ ಇರಲಿಲ್ಲ. ಐದನೆಯದು ಪ್ರಾಮಾಣಿಕ, ಆದರೆ ಮಂಕು. ಏಳನೆಯದು ಎಲ್ಲಕ್ಕಿಂತ ದೊಡ್ಡದು.

ಅದಕ್ಕೆ ಕಾರಣ ಒಂದೇ ಒಂದು ಗಳಿಗೆ. ತಂಡದ ಗಾಯಕ ಕಾಲಿನ್ ವೇಡ್ ಪ್ರತಿ ಕಛೇರಿಯ ಕೊನೆಗೆ ಒಂದು ಉದ್ದನೆಯ ಸ್ವರ ಹಿಡಿಯುತ್ತಿದ್ದ. ಏಳನೆಯ ಕ್ಯಾಸೆಟ್ಟಿನಲ್ಲಿ ಮಾತ್ರ ಅವನು ಆ ಸ್ವರವನ್ನು ನಡುವಿನಲ್ಲೇ ಬಿಟ್ಟುಕೊಡುತ್ತಾನೆ. ಬಿಟ್ಟದ್ದನ್ನು ಸಾವಿರಾರು ಜನ ಎತ್ತಿಕೊಳ್ಳುತ್ತಾರೆ. ಹಾಡಿದವನು ಹಾಡನ್ನು ಜನರ ಕೈಗೆ ಇಡುವುದು ಎಂದರೆ ಇದು ಎಂದು ಪಾಲಾಕ್ಷ ಹದಿನೈದು ವರ್ಷ ನಂಬಿದ್ದ. ಕೇಳಿದಾಗಲೆಲ್ಲ ಮೈ ನವಿರೇಳುತ್ತಿತ್ತು.

ಆ ನಂಬಿಕೆಯನ್ನು ಅವನು ಊರಿನ ಬೀರಪ್ಪ ದೇವರ ಗುಡಿಗೂ ಒಯ್ದಿದ್ದ.

ಕೂಡ್ಲಿಗಿ ರಸ್ತೆಯ ಪಕ್ಕದ ಆ ಗುಡಿಯಲ್ಲಿ ಸೋಮವಾರ ಸಂಜೆ ಭಜನೆ. ಮುಂದೆ ಕೂತು ಹಾಡುವವನು ದೊಡ್ಡಬೀರಪ್ಪ; ದೇವರ ಹೆಸರೇ ಇವನದೂ, ಎಲ್ಲರ ಬಾಯಲ್ಲಿ ಬರೀ ಬೀರಪ್ಪ. ಪಾಲಾಕ್ಷನ ಜೊತೆ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಮೊದಲು ಕುರಿ ಕಾಯುತ್ತಿದ್ದ. ಈಗ ಆರು ವರ್ಷದಿಂದ ಊರಾಚೆಯ ಕಲ್ಲಿನ ಕ್ರಷರ್‌ನಲ್ಲಿ ಕೆಲಸ. ಪಕ್ಕದಲ್ಲಿ ಹಾರ್ಮೋನಿಯಂನವನು, ಹಿಂದೆ ಎಂಟು ಜನರ ಹಿಮ್ಮೇಳ, ಅದಕ್ಕೆ ಹಿರಿಯ, ದಮ್ಮಡಿ ಬಾರಿಸುವ ಟೇಲರ್ ಹುಲುಗಣ್ಣ. ಆ ಗುಡಿಯ ಪದ್ಧತಿಯಲ್ಲಿ ಮುಂದಿನವನು ಸಾಲಿನ ಕೊನೆಯ ಸ್ವರವನ್ನು ಉಸಿರಿರುವಷ್ಟು ಎಳೆದು ಬಿಡಬೇಕು, ಅವನು ಬಿಟ್ಟ ಮೇಲೆ ಹಿಮ್ಮೇಳ ಹಿಡಿಯಬೇಕು. ಎರಡು ವರ್ಷದ ಹಿಂದೆ, ತೊಂಬತ್ತೆಂಟರ ಯುಗಾದಿ ಕಳೆದ ಮೇಲೆ, ಪಾಲಾಕ್ಷ ಅವರಿಗೆ ಏಳನೆಯ ಕ್ಯಾಸೆಟ್ಟು ಕೇಳಿಸಿ, ಹೀಗೆ ಮಾಡಿ ನೋಡಿ ಎಂದ. ಬೀರಪ್ಪ ಬಿಡುವುದನ್ನು ಕಾಯಬೇಡಿ. ಅವನು ಎಳೆಯುತ್ತಿರುವಾಗಲೇ ಒಬ್ಬೊಬ್ಬರಾಗಿ ಒಳಗೆ ಬನ್ನಿ.

"ಇಂಗ್ಲೀಷಿನವರ ಭಜನಿ ಕಲಸ್ತಾನಲ್ಲೋ ಮೇಷ್ಟ್ರು," ಎಂದು ಹುಲುಗಣ್ಣ ನಕ್ಕಿದ್ದ. ಆದರೆ ಮಾಡಿ ನೋಡಿದಾಗ ಗುಡಿಯೇ ತುಂಬಿದಂತಾಯಿತು. ಆಮೇಲೆ ಕೋಗಳಿಯವರು ಕರೆದರು, ಹಂಪಸಾಗರದವರು ಕರೆದರು. ಎಲ್ಲಿ ಹೋದರೂ ಜನ ಆಡುತ್ತಿದ್ದದ್ದು ಹಿಮ್ಮೇಳದ ಮಾತನ್ನೇ.

ಪಾಲಾಕ್ಷ ಪ್ರತಿ ಸೋಮವಾರವನ್ನೂ ಟೇಪಿಗೆ ಇಳಿಸುತ್ತಿದ್ದ. ಮೈಕು ಬೀರಪ್ಪನ ಬಾಯಿಗೆ ಎರಡು ಗೇಣು, ಹಿಮ್ಮೇಳಕ್ಕೆ ಎಂಟು ಅಡಿ. ಪ್ರತಿ ಕ್ಯಾಸೆಟ್ಟಿನ ಬೆನ್ನಿಗೆ ತಾರೀಖು, ಸೆಲ್ಲು ಹೊಸದೋ ಹಳೆಯದೋ, ಗಾಳಿ ಇತ್ತೋ ಇಲ್ಲವೋ ಎಂದು ಬರೆದಿಡುತ್ತಿದ್ದ.

ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ಪರೀಕ್ಷೆಯ ಕೆಲಸಕ್ಕೆಂದು ಬಳ್ಳಾರಿಗೆ ಹೋದಾಗ, ಹಳೆ ಪುಸ್ತಕದ ಅಂಗಡಿಯಲ್ಲಿ ರಟ್ಟು ಹರಿದ ಇಂಗ್ಲಿಷ್ ಸಂಗೀತ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ಗ್ರೇ ಹಾರ್ಬರ್ ತಂಡದ ಬಾಸ್ ಗಿಟಾರಿನವನ ಸಂದರ್ಶನವಿತ್ತು. ಬಸ್ಸಿನಲ್ಲಿ ಕೂತು ಓದಿದ. ಎಪ್ಪತ್ತಾರರ ಆ ಕಛೇರಿಯ ಬಗ್ಗೆ ಅವನು ಹೇಳಿದ್ದು ನಾಲ್ಕೇ ಸಾಲು. ಕಾಲಿನ್‌ಗೆ ಆಗಲೇ ನಿಲ್ಲಲು ಆಗುತ್ತಿರಲಿಲ್ಲ, ಶ್ವಾಸಕೋಶ ಹೋಗಿತ್ತು. ಎಲ್ಲಿ ಅವನ ಉಸಿರು ಮುಗಿಯುತ್ತದೆ ಎಂದು ನಮಗೆ ಗೊತ್ತಿತ್ತು. ಅಲ್ಲಿ ಜನರ ಕಡೆಯ ಮೈಕು ಏರಿಸು ಎಂದು ಧ್ವನಿ ನೋಡಿಕೊಳ್ಳುವವನಿಗೆ ಮೊದಲೇ ಹೇಳಿದ್ದೆವು. ನಾಲ್ಕು ತಿಂಗಳಿಗೆ ತೀರಿಕೊಂಡ.

ಗಾಯಕ ಬೇಗ ಸತ್ತದ್ದು ಪಾಲಾಕ್ಷನಿಗೆ ಗೊತ್ತಿತ್ತು. ಅದು ಹಠಾತ್ತನೆ ಬಂದ ಸಾವು ಎಂದುಕೊಂಡಿದ್ದ.

ಮನೆಗೆ ಬಂದವನೇ ಪ್ರಯೋಗಶಾಲೆಯ ಸ್ಟಾಪ್‌ವಾಚು ಹಿಡಿದು ಏಳೂ ಕ್ಯಾಸೆಟ್ಟಿನ ಆ ಸ್ವರವನ್ನು ಅಳೆದ. ಹತ್ತೊಂಬತ್ತು, ಹತ್ತೊಂಬತ್ತು, ಹದಿನೆಂಟು, ಹದಿನೇಳು, ಹದಿನೇಳು, ಹದಿನಾಲ್ಕು, ಹನ್ನೊಂದು ಸೆಕೆಂಡು. ಹದಿನೈದು ವರ್ಷ ಕೇಳಿದ್ದ, ಒಮ್ಮೆಯೂ ಅಳೆದಿರಲಿಲ್ಲ. ಡ್ರಮ್ಮಿನವನ ಪೆಟ್ಟನ್ನು ಎಣಿಸಿದ್ದ, ಗಾಯಕನ ಉಸಿರನ್ನು ಬಿಟ್ಟಿದ್ದ.

ಆಮೇಲೆ ಎದ್ದು ಸೋಮವಾರದ ಕ್ಯಾಸೆಟ್ಟುಗಳ ಡಬ್ಬಿ ಇಳಿಸಿದ. ಏಕೆ ಇಳಿಸುತ್ತಿದ್ದೇನೆ ಎಂದು ತನಗೇ ಹೇಳಿಕೊಳ್ಳಲಿಲ್ಲ.

ಕೆಲಸ ಸುಲಭವಿರಲಿಲ್ಲ. ಬೀರಪ್ಪನ ದನಿ ಮುಗಿಯುವ ಜಾಗದ ಮೇಲೆ ಹಿಮ್ಮೇಳ ಕವಿದುಕೊಂಡಿರುತ್ತಿತ್ತು. ಕಿವಿಯನ್ನು ಸ್ಪೀಕರಿಗೆ ಒತ್ತಿ, ಆ ಎಂಟು ದನಿಗಳನ್ನು ಗದ್ದಲವೆಂದು ಕಳೆದು, ಹತ್ತಿರದ ಒಂದು ದನಿ ನಿಂತು ಉಸಿರು ಎಳೆದುಕೊಳ್ಳುವ ಸದ್ದಿಗಾಗಿ ಕಾಯಬೇಕಿತ್ತು. ಮೂರು ದಿನ ಹಿಡಿಯಿತು. ಮೊದಲ ಕ್ಯಾಸೆಟ್ಟಿನಲ್ಲಿ ಹದಿನೇಳು ಸೆಕೆಂಡು. ಆ ವರ್ಷದ ದೀಪಾವಳಿಗೆ ಹದಿನೈದು. ಮರುವರ್ಷ ಹನ್ನೆರಡು, ಹತ್ತು. ಕಳೆದ ಸೋಮವಾರ ಏಳು.

ಸೆಲ್ಲು ಕ್ಷೀಣವಿದ್ದಾಗ ಇಳಿಸಿದ ಟೇಪು ಆಮೇಲೆ ಬೇಗ ಓಡುತ್ತದೆ. ಎಲ್ಲವೂ ಗಿಡ್ಡವಾಗಿ ಕೇಳುತ್ತದೆ. ದೋಷ ಅದೇ ಇರಲಿ ಎಂದು ಅವನು ಬೇಡಿಕೊಂಡ. ಹಾಗಿದ್ದರೆ ಹಾರ್ಮೋನಿಯಂನ ಶ್ರುತಿಯೂ ಏರಿರಬೇಕು. ಬಡಿದರೆ ಒಂದೇ ಸ್ವರ ಕೊಡುವ ಶ್ರುತಿಕವೆಯನ್ನು ಕಾಲೇಜಿನಿಂದ ತಂದು ಒಂದೊಂದಾಗಿ ಹೋಲಿಸಿದ. ಶ್ರುತಿ ಎಲ್ಲ ಕ್ಯಾಸೆಟ್ಟಿನಲ್ಲೂ ಇದ್ದಲ್ಲೇ ಇತ್ತು. ಟೇಪು ಸುಳ್ಳು ಹೇಳುತ್ತಿರಲಿಲ್ಲ.

ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳನ್ನಿಟ್ಟು ಪೆನ್ಸಿಲಿನಿಂದ ಗೆರೆ ಎಳೆದ. ಕೊನೆಯ ಚುಕ್ಕೆಯ ಆಚೆಗೂ ಸ್ಕೇಲು ಹೋಗಿತ್ತು. ಗೆರೆಯನ್ನು ಅಲ್ಲಿಯವರೆಗೆ ಒಯ್ಯದೆ ಪೆನ್ಸಿಲು ಕೆಳಗಿಟ್ಟ.

ಭಾನುವಾರ ಬೆಳಿಗ್ಗೆ ಹಾಳೆ ಹಿಡಿದು ಬೀರಪ್ಪನ ಮನೆಗೆ ಹೋದ. ಬೀರಪ್ಪ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ.

"ಏನಲೇ ಪಾಲಾಕ್ಷ, ಕಾಗದ ಹಿಡ್ಕೊಂಡು ಬಂದೀ. ಮಾರ್ಕ್ಸ್ ಕಾರ್ಡೇನು?"

"ಹೂಂ. ನಿಂದ."

"ಹಂಗಾರ ಫೇಲು ಬಿಡು. ಹೈಸ್ಕೂಲಿನಾಗ ಪಾಸಾಗಲಿಲ್ಲ, ಈಗೇನು ಆಗ್ತೀನಿ."

ಪಾಲಾಕ್ಷ ವಿವರಿಸಿದ. ಚುಕ್ಕೆ ಎಂದರೆ ಏನು, ಸೆಕೆಂಡು ಎಂದರೆ ಏನು, ಗೆರೆ ಏಕೆ ಇಳಿಯುತ್ತದೆ. ಬೀರಪ್ಪ ಹಾಳೆಯನ್ನು ಇಸಿದುಕೊಂಡು ತಲೆಕೆಳಗು ಮಾಡಿದ.

"ಹಿಂಗ ಹಿಡದ್ರ ಏರತೈತಿ ನೋಡು."

ಒಳಗಿನಿಂದ ಚಹಾ ತಂದ ಅವನ ಹೆಂಡತಿ ಕೊಟ್ರಬಸಮ್ಮ ಲೋಟ ಕೊಟ್ಟು ಅಲ್ಲೇ ನಿಂತಳು. "ಅಣ್ಣಾ, ಇವರು ನೆಲಕ್ಕ ಬೆನ್ನು ಹಚ್ಚಿ ಮೂರು ತಿಂಗಳಾತು. ಕುಂತ ನಿದ್ದಿ ಮಾಡ್ತಾರ. ಕೇಳಿದ್ರ ಸೆಕಿ ಅಂತಾರ."

"ನೀ ಒಳಗ ನಡಿ," ಎಂದ ಬೀರಪ್ಪ. ಅವಳು ಹೋಗಲಿಲ್ಲ.

"ನಾಳೆ ಬಳ್ಳಾರಿಗೆ ಹೋಗೂಣು," ಎಂದ ಪಾಲಾಕ್ಷ. "ಎದಿ ಫೋಟೋ ತಗಸೂಣು."

ಬೀರಪ್ಪ ಚಹಾ ಕುಡಿಯುವಾಗ ಎರಡು ಗುಟುಕಿನ ನಡುವೆ ಲೋಟ ಇಳಿಸಿ ಸುಧಾರಿಸಿಕೊಂಡ. "ನಮ್ಮ ಕ್ರಷರ್ ಮೇಸ್ತ್ರಿ ಸೋಮವಾರ ಸೋಮವಾರ ಗುಡಿಗೆ ಬರ್ತಾನ, ನೋಡಿಯಿಲ್ಲ? ಬೇವಿನ ಗಿಡದ ಬುಡಕ ನಿಂದ್ರತಾನ. ಅದು ಭಕ್ತಿ ಅಲ್ಲಪ. ಕೆಮ್ಮಿದವರನ್ನ ಅವನು ಹೊಳ್ಳಿ ಕೆಲಸಕ್ಕ ಕರೆಯಂಗಿಲ್ಲ. ಹೋದ ವರ್ಷ ಇಬ್ಬರನ್ನ ಮನಿಗೆ ಕಳಿಸ್ಯಾನ. ಇಷ್ಟು ಹಾಡೋ ಮನಷಾಗ ಏನಾಗಿರತೈತಿ ಅಂತ ನನ್ನ ಬಿಟ್ಟಾನ." ಅವನು ಬಾಯಿ ತೆರೆದು, ಬಲಗೈ ಮೇಲೆತ್ತಿ ತೋರಿಸಿದ, ದನಿ ಇರಲಿಲ್ಲ. "ನೀ ಕಲಿಸಿದ್ದು ಛಲೋ ಆತಲೇ. ಹಿಂದಿನವರು ಬಂದ ಮ್ಯಾಲೆ ನಾ ಹಿಂಗ ಕುಂತಿರ್ತೀನಿ. ಎರಡು ವರ್ಷ ಯಾರಿಗಾದ್ರೂ ಗೊತ್ತಾತೇನು?"

ಆ ಎತ್ತಿದ ಕೈ, ತೆರೆದ ಬಾಯಿ ಪಾಲಾಕ್ಷ ಎಷ್ಟೋ ಸೋಮವಾರ ನೋಡಿದ್ದ. ತನ್ಮಯತೆ ಎಂದುಕೊಂಡಿದ್ದ.

"ಬಳ್ಳಾರಿ ಗಿಳ್ಳಾರಿ ಬ್ಯಾಡ," ಎಂದ ಬೀರಪ್ಪ. "ಕಾಗದ ಹರದು ಒಲಿಗಿ ಹಾಕು."

ಅಲ್ಲಿಂದ ಪಾಲಾಕ್ಷ ಹುಲುಗಣ್ಣನ ಅಂಗಡಿಗೆ ಹೋದ. ಹುಲುಗಣ್ಣ ಹೊಲಿಗೆ ಯಂತ್ರದ ಗಾಲಿ ನಿಲ್ಲಿಸಿ ಎಲ್ಲ ಕೇಳಿದ.

"ಯುಗಾದಿಗೆ ಅವನ ಅಂಗಿ ಹೊಲದೆ," ಎಂದ ನಿಧಾನಕ್ಕೆ. "ಎದಿ ಎರಡು ಇಂಚು ಕಮ್ಮಿ ಬಂತು. ನನ್ನ ಟೇಪು ಜಗ್ಗಿ ಉದ್ದ ಆಗೈತಿ ಅಂದ್ಕೊಂಡು ಹೊಸಾದು ತಂದೆ."

"ಮಾವ, ನಾಳೆ ಹಿಮ್ಮೇಳ ಹಳೇ ಪದ್ಧತಿಯಾಗ ಇರ್ಲಿ. ಅವನು ಬಿಟ್ಟ ಮ್ಯಾಲೆ, ನೀ ದಮ್ಮಡಿ ಬಡದ ಮ್ಯಾಲೆ ಹಿಡೀರಿ. ಉಸಿರು ಎಲ್ಲಿ ಮುಗಿತೈತಿ ಅಂತ ಅವನಿಗೂ ಕೇಳಲಿ, ಎಲ್ಲಾರಿಗೂ ಕೇಳಲಿ. ಆಮ್ಯಾಲೆ ಬಳ್ಳಾರಿಗೆ ಹ್ಯಾಂಗ ಬರಾಂಗಿಲ್ಲ ನೋಡೂಣು."

"ಮೇಸ್ತ್ರಿಗೂ ಕೇಳತೈತಿ."

"ಕೇಳಲಿ."

"ತಿಂಗಳ ಪಗಾರದವರಿಗೆ ಹೇಳೋದು ಸಸಾರ, ಮೇಷ್ಟ್ರೆ." ಹುಲುಗಣ್ಣ ಅರ್ಧ ಹೊಲಿದ ಬಟ್ಟೆಯನ್ನು ಮಡಚಿದ. "ಆದ್ರೂ ಆಗಲಿ. ಸತ್ತ ಮ್ಯಾಲೆ ಅವನ ಅಳತಿ ತಗೊಳ್ಳಾಕ ನನ್ನ ಕೈಲಾಗಂಗಿಲ್ಲ."

ಸೋಮವಾರ ಸಂಜೆ ಗಾಳಿ ಪಡುವಣದಿಂದ ಬೀಸುತ್ತಿತ್ತು. ಕ್ರಷರ್ ಇನ್ನೂ ನಿಂತಿರಲಿಲ್ಲ. ಅದರ ಅರೆಯುವ ಸದ್ದು ಹೊಲ ದಾಟಿ ಬರುತ್ತಿತ್ತು. ಹೆಂಗಸರು ಎಡಗಡೆ ಕೂತಿದ್ದರು, ಕೊಟ್ರಬಸಮ್ಮ ಕಂಬದ ಪಕ್ಕ. ಮೇಸ್ತ್ರಿ ಬೇವಿನ ಗಿಡದ ಕೆಳಗೆ ಬೀಡಿ ಹಚ್ಚಿದ್ದ. ಪಾಲಾಕ್ಷ ಹೊಸ ಸೆಲ್ಲು ಹಾಕಿ, ಮೈಕನ್ನು ಎರಡು ಗೇಣು ಅಳೆದು ಇಟ್ಟ. ಇಂದು ಮಾಡುತ್ತಿರುವುದು ಪ್ರಯೋಗವಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೈಗಳು ಅಭ್ಯಾಸದಂತೆ ಅಳೆದವು.

ಬೀರಪ್ಪ ಹಾಡಿದ. ಮೊದಲ ಮಾತುಗಳು ಚೆನ್ನಾಗಿಯೇ ಬಂದವು. ಸಾಲಿನ ಕೊನೆಗೆ ಬಂದು ಸ್ವರ ಎಳೆದ, ಕೈ ಮೇಲಕ್ಕೆ ಹೋಯಿತು. ನಾಲ್ಕು. ಐದು. ಆರು.

ದನಿ ನಿಂತಿತು. ಹಿಂದಿನಿಂದ ಯಾರೂ ಬರಲಿಲ್ಲ.

ಹಾರ್ಮೋನಿಯಂನವನು ಗಲಿಬಿಲಿಗೊಂಡು ಬೆರಳೆತ್ತಿದ. ಬೀರಪ್ಪನ ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು, ಬಾಯಿ ತೆರೆದೇ ಇತ್ತು. ಆ ಖಾಲಿ ಜಾಗದೊಳಕ್ಕೆ ಹೊಲದಾಚೆಯ ಕಲ್ಲು ಅರೆಯುವ ಸದ್ದು ಬಂದು ಕೂತಿತು. ಅದರ ಮೇಲೆ, ಮೈಕಿಲ್ಲದೆಯೂ ಗುಡಿಯ ತುಂಬ ಕೇಳುವಂತೆ, ಅವನ ಎದೆಯ ಸೀಟಿ.

ಹುಲುಗಣ್ಣ ದಮ್ಮಡಿ ಬಡಿದ. ಎಂಟೂ ಜನ ಒಮ್ಮೆಲೇ ಉಸಿರೆಳೆದು, ಒಮ್ಮೆಲೇ ಸ್ವರ ಹಿಡಿದರು.

ಎರಡು ವರ್ಷದಿಂದ ಅವರು ಹೀಗೆ ಹಿಡಿದಿರಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಬಂದು, ಸಾಕಾದವನು ಬಿಟ್ಟು, ಬಿಟ್ಟವನ ಜಾಗವನ್ನು ಪಕ್ಕದವನು ಮುಚ್ಚಿ ರೂಢಿಯಾಗಿತ್ತು. ಇಂದು ಎಲ್ಲರೂ ಒಟ್ಟಿಗೇ ಹಿಡಿದದ್ದರಿಂದ ಮುಚ್ಚಲು ಯಾರೂ ಮಿಕ್ಕಿರಲಿಲ್ಲ. ಆರನೆಯ ಸೆಕೆಂಡಿಗೆ ಎರಡು ದನಿ ಕಳಚಿದವು. ಏಳಕ್ಕೆ ಇನ್ನೊಂದು. ಒಂಬತ್ತಕ್ಕೆ ಮತ್ತೆರಡು. ಉಳಿದದ್ದು ಮೂರು: ಹುಲುಗಣ್ಣ, ಮತ್ತು ಈಗಲೂ ಕುರಿ ಕಾಯುತ್ತಿದ್ದ ಅಣ್ಣತಮ್ಮಂದಿರಿಬ್ಬರು. ಕಳಚಿಬಿದ್ದ ಐವರು ಬೀರಪ್ಪನ ಜೊತೆ ಕ್ರಷರ್‌ಗೆ ಹೋಗುವವರು.

ಪಾಲಾಕ್ಷನ ಹೆಬ್ಬೆರಳು ಸ್ಟಾಪ್‌ವಾಚಿನ ಮೇಲೆ ಹಾಗೇ ಇತ್ತು. ಮೂರು ದಿನ ಕಿವಿಗೊಟ್ಟು ಅವನು ಅಳತೆಗೆ ಅಡ್ಡವೆಂದು ಕಳೆದಿದ್ದು ಈ ದನಿಗಳನ್ನೇ.

ಬೀರಪ್ಪ ಕೈ ಇಳಿಸಿದ. ಪಾಲಾಕ್ಷನ ಕಡೆ ನೋಡಲಿಲ್ಲ. ಇಷ್ಟು ವರ್ಷ ಬೆನ್ನು ಮಾಡಿ ಕೂತಿದ್ದವರ ಕಡೆಗೆ ಪೂರ್ತಿ ತಿರುಗಿದ. ಮೊದಲು ಕಂಡವನು ಇಪ್ಪತ್ತಾರರ ಹೊನ್ನೂರಸ್ವಾಮಿ.

"ನಿನಗೂ ಹಂಗೇನೋ?"

ಹೊನ್ನೂರಸ್ವಾಮಿ ತಾಳವನ್ನು ಮಡಿಲಿಗೆ ಇಟ್ಟುಕೊಂಡು ಕೆಳಗೆ ನೋಡಿದ.

ಬೇವಿನ ಗಿಡದ ಕೆಳಗೆ ಮೇಸ್ತ್ರಿ ಬೀಡಿ ಎಸೆದು, ಒಬ್ಬೊಬ್ಬರನ್ನೇ ನೋಡುತ್ತ ನಿಂತ. ಆಮೇಲೆ ಮೋಟರ್ ಸೈಕಲ್ ಚಾಲೂ ಮಾಡಿಕೊಂಡು ಹೋದ.

"ಬಸಮ್ಮಾ," ಎಂದ ಬೀರಪ್ಪ, ಉಸಿರಿಗಾಗಿ ನಡುವೆ ನಿಂತು, "ಬೆಳಿಗ್ಗೆ ಬಳ್ಳಾರಿ ಬಸ್ಸು ಎಷ್ಟಕ್ಕೈತಿ?"

"ಆರೂವರಿಗೆ."

"ಎಷ್ಟು ಮಂದಿ ಬರ್ತೀರಿ, ಹೇಳ್ರಿ," ಎಂದು ಅವನು ಹಿಮ್ಮೇಳವನ್ನು ಕೇಳಿದ.

ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದು ನಿಂತು ಗಂಡಸರ ಕಡೆ ನೋಡಿದಳು, ಅವಳ ಹಿಂದೆ ಇನ್ನೊಬ್ಬಳು. ಆಗ ಹೊನ್ನೂರಸ್ವಾಮಿ ಟವೆಲ್ಲನ್ನು ಬಾಯಿಗೆ ಒತ್ತಿ ಕೆಮ್ಮಿದ. ಮೇಸ್ತ್ರಿಯ ಎದುರಿಗೆ ಯಾವತ್ತೂ ಕೆಮ್ಮದಿದ್ದವನು ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸಲಾರದೆ ಹೋದ. ಅವನ ಪಕ್ಕದವನೂ ಕೆಮ್ಮಿದ. ಅವನ ಪಕ್ಕದವನೂ.