ಜೋರಮ್ಮನಿಗೆ ಯಾರಿದ್ದರು

ಜೋರಮ್ಮನ ಅಂತ್ಯಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ, ಅವಳ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದವಳು ಲಾಂಡ್ರಿ ಕಾರ್ಮಿಕರ ಸಂಘದ ಕಚೇರಿಯ ಬೆಂಚಿನ ಮೇಲೆ ಕುಳಿತು, ಒಂದು ಮಾತು ಹೇಳಿಬಿಡಿ ಎಂದು ಕಾರ್ಯದರ್ಶಿಯನ್ನು ಬೇಡುತ್ತಿದ್ದಳು.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಅಲ್ಲಿ ಕೆಲಸವೆಲ್ಲ ಜೋಡಿಯದು. ಇಸ್ತ್ರಿ ರೋಲರಿನ ಈಚೆ ನಿಂತವಳು ಒದ್ದೆ ಬೆಡ್‌ಶೀಟಿನ ಅಂಚು ಕೊಡಬೇಕು, ಆಚೆ ನಿಂತವಳು ಬಿಸಿ ಅಂಚು ಹಿಡಿಯಬೇಕು. ಸಾವಿಗೂ ಅಲ್ಲಿ ಜೋಡಿಯದೇ ಪದ್ಧತಿ. ಯಾರಾದರೂ ತೀರಿಕೊಂಡರೆ ಮೊದಲ ಪಾಳಿಗೆ ಎಲ್ಲರೂ ಅವರ ಯಂತ್ರದ ಸುತ್ತ ಸೇರುತ್ತಾರೆ. ಸತ್ತವಳಿಗೆ ಯಾರು ಯಾರಿದ್ದರು ಎಂಬುದನ್ನು ಕಾರ್ಯದರ್ಶಿ ಬಾಯಿಬಿಟ್ಟು ಹೇಳುತ್ತಾಳೆ: ಇಂಥವರ ಮಗಳು, ಇಂಥವರ ಹೆಂಡತಿ, ಇಂಥವರ ತಾಯಿ. ಆಮೇಲೆ ಯಂತ್ರ ಸ್ವಲ್ಪ ಹೊತ್ತು ಖಾಲಿ ಓಡುತ್ತದೆ. ಸತ್ತವಳ ಜಾಗ ಬರಿದು. ಎದುರಿಗೆ ಅವಳ ಜೋಡಿ ಬರಿಗೈಯಲ್ಲಿ ನಿಂತಿರುತ್ತಾಳೆ. ಕೊನೆಗೆ ಒಬ್ಬೊಬ್ಬರಾಗಿ ಬಂದು ಆ ಜೋಡಿಯ ಕೈ ಮುಟ್ಟಿ ಕೆಲಸಕ್ಕೆ ಹೋಗುತ್ತಾರೆ.

ಜೋರಮ್ಮನ ಜೋಡಿ ಸೋಡಕ್ಕ. ಸೋಡಾಬುಡ್ಡಿಯಂಥ ದಪ್ಪ ಗಾಜಿನ ಕನ್ನಡಕ ಕೊಟ್ಟ ಹೆಸರು. ಬೆಂಚಿನ ಮೇಲೆ ಕುಳಿತವಳದು ಬಟ್ಟೆ ಮಡಿಸುವ ಹಾಲಿನಲ್ಲಿ ಕೆಲಸ. ಇವರಿಬ್ಬರನ್ನು ಒಂದೇ ರೋಲರಿಗೆ ಹಾಕುತ್ತೇನೆಂದು ಮೇಸ್ತ್ರಿ ಎರಡು ಸಲ ಕರೆದಿದ್ದ. ಎರಡು ಸಲವೂ ಒಲ್ಲೆವೆಂದಿದ್ದರು. "ಮನೇಲಿ ಕಿತ್ತಾಡೋದೇ ಸಾಕು ಸಾರ್, ಇಲ್ಲೂ ಬೇಡ" ಎಂದು ಜೋರಮ್ಮ ಎಲ್ಲರನ್ನೂ ನಗಿಸಿದ್ದಳು. ಜನರ ಬಾಯಿಗೆ ಬೀಳದೆ ಪಾರಾದೆವೆಂದು ಆ ದಿನ ಇಬ್ಬರೂ ಹಿಗ್ಗಿದ್ದರು. ಎಚ್ಚರ ಅಷ್ಟು ಚೆನ್ನಾಗಿ ಫಲಿಸಿತ್ತು. ಈಗ ಕೈ ಮುಟ್ಟಿಸಿಕೊಳ್ಳುವವಳು ಸೋಡಕ್ಕ.

"ನಂಗೇನು ಗೊತ್ತಿಲ್ವಾ ತಾಯಿ?" ಎಂದಳು ಕಾರ್ಯದರ್ಶಿ. ಕೆಟ್ಟವಳಲ್ಲ. ಟೀ ತರಿಸಿದ್ದಳು. "ಮುಂದಿನ ವಾರ ಸಂಬಳದ ಒಪ್ಪಂದಕ್ಕೆ ಸಹಿ ಬೀಳಬೇಕು. ಆ ಇನ್ನೊಂದು ಸಂಘದೋರು ನಮ್ಮಲ್ಲಿ ಒಡಕು ಎಲ್ಲಿ ಸಿಗುತ್ತೆ ಅಂತ ಕಾಯ್ಕೊಂಡು ಕೂತಿದಾರೆ. ಅದೊಂದು ಮುಗೀಲಿ. ಆಮೇಲೆ ಹೇಳೋಣ."

"ಆಮೇಲೆ ಅವಳು ಇನ್ನೊಂದು ಸಲ ಸಾಯ್ತಾಳಾ ಅಕ್ಕ?"

ಕಾರ್ಯದರ್ಶಿ ಲೋಟದ ಅಂಚು ಒರೆಸಿದಳು. "ಆಪ್ತ ಗೆಳತಿ ಅಂತೀನಿ. ಸಾಕಲ್ವಾ?"

"ಇಲ್ಲಿರೋ ಮುನ್ನೂರು ಜನಾನೂ ಅವಳ ಗೆಳತಿಯರೇ."

ಗೋಡೆಯ ಮೇಲೆ ಒಂದು ಫೋಟೋ ಇತ್ತು. ಒಂದೇ ಮನೆಯಲ್ಲಿ ಗಂಡಹೆಂಡಿರಂತೆ ಇದ್ದಾರೆಂದು ಇಬ್ಬರು ಗಂಡಸರನ್ನು ಹೋಟೆಲೊಂದು ಅಡುಗೆ ಕೆಲಸದಿಂದ ತೆಗೆದುಹಾಕಿದಾಗ, ಲಾಂಡ್ರಿಯ ಹೆಂಗಸರು ಹೋಗಿ ಆ ಗೇಟಿನಲ್ಲಿ ಧರಣಿ ಕೂತಿದ್ದರು; ಆ ದಿನದ್ದು. ಮುಂದಿನ ಸಾಲಿನಲ್ಲಿ ಜೋರಮ್ಮ ಬಾಯಿ ಅಗಲಿಸಿ ಕೂಗುತ್ತಿದ್ದಾಳೆ. ಮೈಕು ಬೇಡದ ಗಂಟಲು ಅವಳದು. ಆ ಇಬ್ಬರಿಗೂ ಕೆಲಸ ವಾಪಸು ಸಿಕ್ಕಿತು. ಯಾರೇ ಹೊಸಬರು ಬಂದರೂ ಸಂಘ ಈ ಫೋಟೋ ತೋರಿಸುತ್ತದೆ.

"ಅವರಿಗೆ ಕೂಗಿದ್ರಿ" ಎಂದಳು ಬೆಂಚಿನ ಮೇಲಿದ್ದವಳು.

"ಅದು ಬೇರೆ ಗೇಟು ಕಣೇ" ಎಂದಳು ಕಾರ್ಯದರ್ಶಿ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಕಿಟಕಿಯ ಕಡೆ ತಿರುಗಿದಳು. "ಅವಳಣ್ಣ ಬೇರೆ ಬಂದಿದ್ದಾನೆ. ಅವನ ಮುಂದೆ ಹೇಗೆ ಹೇಳಲಿ?"

ತಂಗಿ ಬದುಕಿದ್ದಾಗ ಅಣ್ಣನಾದವನು ಅವಳ ಹೊಸಿಲು ತುಳಿದವನಲ್ಲ. ಸುದ್ದಿ ಮುಟ್ಟಿದ ದಿನವೇ ಓಡಿಬಂದು ಹೆಣಕ್ಕೆ ವಾರಸುದಾರನಾದ. ಎರಡು ಕೋಣೆಯ ಮನೆಯನ್ನೆಲ್ಲ ನೋಡಿ, ಒಂದೇ ಮಂಚ ಇರುವುದನ್ನೂ ನೋಡಿ, "ನೀವು ಇಲ್ಲಿ ಬಾಡಿಗೆಗಿದ್ರಾ?" ಎಂದು ಕೇಳಿದ್ದ. ಅವಳು ಹೌದು ಎಂದಿದ್ದಳು. ಚಿತೆಯ ಹತ್ತಿರ ಪಕ್ಕದ ಮನೆಯವರ ಸಾಲಿನಲ್ಲಿ ನಿಂತಿದ್ದಳು.

ಪಾಳಿಯ ಗಂಟೆ ಹೊಡೆಯಿತು. ಇಬ್ಬರೂ ಎದ್ದರು.

ರೋಲರಿನ ಸುತ್ತ ಜನ ಕಿಕ್ಕಿರಿದಿದ್ದರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದೆ ನಿಂತಿದ್ದ. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡಳು. ಮಡಿಸುವವಳು ಅವಳ ತುಟಿಯನ್ನೇ ನೋಡುತ್ತಿದ್ದಳು. ಗೆಳತಿ ಎಂದರೂ ಸರಿ, ಏನೋ ಒಂದು ಅನ್ನಲಿ ಎಂಬಷ್ಟು ಇಳಿದುಬಿಟ್ಟಿತ್ತು ಆಸೆ.

"ತಂದೆತಾಯಿಗೆ ಒಳ್ಳೆಯ ಮಗಳು. ಅಣ್ಣನಿಗೆ ತಂಗಿ. ಮದುವೆ, ಮನೆ, ಮಕ್ಕಳು ಅಂತ ಏನೂ ಕಟ್ಟಿಕೊಳ್ಳದೆ ಆಯಸ್ಸನ್ನೆಲ್ಲ ಸಂಘಕ್ಕೆ ಕೊಟ್ಟಳು. ಅವಳಿಗೆ ಯಾರೂ ಇರಲಿಲ್ಲ. ನಾವೇ ಎಲ್ಲ ಆಗಿದ್ವಿ."

ಕೆಲವರು ಮೂಗು ಸೀಟಿದರು. ಯಂತ್ರ ಹಾಕಿದರು. ರೋಲರು ಗುರ್ರೆಂದು ಖಾಲಿ ತಿರುಗತೊಡಗಿತು. ಆಚೆ ಬದಿಯಲ್ಲಿ ಸೋಡಕ್ಕ ಕೈ ಚಾಚಿ ನಿಂತಳು.

ಮಡಿಸುವವಳು ಜನರನ್ನು ಸರಿಸಿಕೊಂಡು ಬಂದು ಜೋರಮ್ಮನ ಜಾಗದಲ್ಲಿ ನಿಂತಳು.

ಯಾರೂ ಹಾಗೆ ನಿಂತದ್ದಿಲ್ಲ. ಗುಸುಗುಸು ಎದ್ದಿತು. ಕಿಟಕಿಯ ಪಕ್ಕದ ಜಾಗ ಅದು, ಗಾಳಿ ಬರುವ ಒಂದೇ ಜಾಗ. ಮೊದಲಿನಿಂದಲೂ ಎಲ್ಲರ ಕಣ್ಣು ಅದರ ಮೇಲೆ.

"ಬೂದಿ ಆರಿಲ್ಲ ಇನ್ನೂ, ಆಗ್ಲೇ ಬಂದು ನಿಂತ್ಲು ನೋಡು."

"ಒಂದೇ ಮನೇಲಿ ಉಂಡವಳಂತೆ. ಉಪ್ಪಿನ ಋಣ ಅನ್ನೋದಾದ್ರೂ ಬೇಡ್ವಾ?"

ಕಾರ್ಯದರ್ಶಿ ಹತ್ತಿರ ಬಂದು ತೋಳು ಹಿಡಿದಳು. "ಈಚೆ ಬಾ. ಸತ್ತವಳಿಗೆ ಅವಮಾನ ಮಾಡಬೇಡ."

"ನಾನು ಅವಳ ಮನೆಯವಳು" ಎಂದಳು ಮಡಿಸುವವಳು.

ಯಂತ್ರದ ಸದ್ದಿನಲ್ಲಿ ಮುಂದಿನ ಸಾಲಿಗಷ್ಟೇ ಕೇಳಿಸಿತು. ಹಿಂದಿನಿಂದ ಯಾರೋ "ಏನಂತೆ?" ಎಂದು ಕೇಳಿದರು. ಮುಂದಿನ ಸಾಲಿನ ಹಿರಿಯಳೊಬ್ಬಳು, ಸ್ಪಷ್ಟವಾಗಿ ಕೇಳಿಸಿಕೊಂಡವಳು, ತಿರುಗಿ ಹೇಳಿದಳು: "ಏನಿಲ್ಲ. ಜಾಗ ಬೇಕಂತೆ."

ಆಗ ಸೋಡಕ್ಕ ರೋಲರು ಆರಿಸಿದಳು. ಖಾಲಿ ಓಡುವ ಯಂತ್ರವನ್ನು ನಡುವೆ ನಿಲ್ಲಿಸುವಂತಿಲ್ಲ. ಅಲ್ಲಿ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ. ಸದ್ದು ಪೂರಾ ಅಡಗಿತು.

"ಇನ್ನೊಂದ್ಸಲ ಹೇಳು" ಎಂದಳು ಸೋಡಕ್ಕ. "ಎಲ್ಲರಿಗೂ ಕೇಳಲಿ."

"ನಾನು ಅವಳ ಮನೆಯವಳು. ಅವಳು ನನ್ನ ಮನೆಯವಳು. ಅವಳಿಗೆ ಯಾರೂ ಇರಲಿಲ್ಲ ಅನ್ನಬೇಡಿ. ನಾನಿದ್ದೆ."

ಜೋರಮ್ಮನ ಗಂಟಲಲ್ಲ ಅದು, ಸಣ್ಣ ಗಂಟಲು. ಆದರೂ ಹಾಲಿನ ತುದಿಯವರೆಗೆ ಕೇಳಿಸಿತು. ಅಣ್ಣ ಮೇಸ್ತ್ರಿಯ ಮುಖ ನೋಡಿದ, ಇಂಥದ್ದಕ್ಕೆಲ್ಲ ಮೇಸ್ತ್ರಿಯೇ ಹೊಣೆ ಎಂಬಂತೆ. ಆಮೇಲೆ ಯಾರಿಗೂ ಹೇಳದೆ ಹೊರಟುಹೋದ. ಕಾರ್ಯದರ್ಶಿ ತೋಳು ಬಿಟ್ಟಳು. ಏನಾದರೂ ಹೇಳುತ್ತಾಳೆಂದು ಎಲ್ಲರೂ ಕಾದರು.

"ಹೊತ್ತಾಯ್ತು. ಕೆಲಸಕ್ಕೆ ನಡೀರಿ" ಎಂದಳು.

ಪದ್ಧತಿಯಂತೆ ಸಾಲು ಬಂತು. ಒಬ್ಬೊಬ್ಬರಾಗಿ ಸೋಡಕ್ಕನ ಕೈ ಮುಟ್ಟಲು ಹೋದರು. ಸೋಡಕ್ಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಅಲ್ಲಿ" ಎಂದು ಗದ್ದದಿಂದ ತೋರಿಸಿದಳು. ಜನ ಆಚೆ ನೋಡಿದರು, ಈಚೆ ನೋಡಿದರು, ಯಾರ ಕೈಯನ್ನೂ ಮುಟ್ಟದೆ ದಾಟಿಹೋದರು. ಒಬ್ಬಳು ಮಾತ್ರ ನಿಂತಳು.

"ಹಾಗಾದ್ರೆ ಈ ಜಾಗ ಯಾರಿಗೆ ಕೊಡ್ತಾರೆ?" ಎಂದು ಕೇಳಿದಳು.

ಮಡಿಸುವವಳು ತನ್ನ ಹಾಲಿಗೆ ಹೋದಳು. ಅವಳೆದುರು ನಿಂತು ಮಡಿಸುತ್ತಿದ್ದ ಹುಡುಗಿ, ನಿನ್ನೆ ಮೊನ್ನೆ "ಅಕ್ಕಾ" ಎಂದು ತಬ್ಬಿ ಅತ್ತವಳು, ಬೇರೆ ಮೇಜಿಗೆ ಹೋಗಿದ್ದಳು. ತಲೆ ಎತ್ತಲಿಲ್ಲ. ಜೋಡಿ ಹಾಕಿ ಎಂದು ಮೇಸ್ತ್ರಿಯನ್ನು ಕೇಳಬಹುದಿತ್ತು. ಅವಳು ಕೇಳಲಿಲ್ಲ.

ಬಿಸಿ ಬೆಡ್‌ಶೀಟುಗಳ ಗಾಡಿ ಬಂತು. ಡಬಲ್ ಮಂಚದವು. ಅವಳು ಒಂದನ್ನು ತೆಗೆದು, ಅದರ ನಡುವನ್ನು ಗದ್ದದ ಕೆಳಗೆ ಒತ್ತಿಹಿಡಿದು, ಎರಡೂ ತೋಳು ಆದಷ್ಟು ಅಗಲಿಸಿದಳು. ಮೂಲೆಗಳು ನೆಲಕ್ಕೆ ತಾಗಿದವು. ನೆಲಕ್ಕೆ ತಾಗಿದ್ದನ್ನು ಮತ್ತೆ ಒಗೆಯಲು ಕಳಿಸಬೇಕು. ಕಳಿಸಿ, ಇನ್ನೊಂದನ್ನು ತೆಗೆದಳು.